ಅಮೀರ್ ಬಿ ಕಾವಿಗಿಟ್ಟ ಆಮೆ ಮೊಟ್ಟೆ

ಒಂದು ಹೇಟೆಕೋಳಿ ಕಾವಿಗೆ ಕೂತರೆ ಎಷ್ಟು ಖರ್ಚು ಎಂಬುದು ಅಮೀರ್ ಬಿಗೆ ಬಾಯಿಪಾಠ. ಮೊಟ್ಟೆ ಒಡೆಯುವವರೆಗೆ ಮೂರು ವಾರ, ಮರಿಗಳು ತಾಯಿಯ ಬೆನ್ನು ಬಿಡುವವರೆಗೆ ಮತ್ತೆರಡು ತಿಂಗಳು, ಅಷ್ಟು ದಿನ ಆ ಹೇಟೆಯಿಂದ ಮೊಟ್ಟೆಯ ಆಸೆ ಬಿಡಬೇಕು. ದಿನಕ್ಕೊಂದು ಹಿಡಿ ನವಣೆ ಬೇಕು. ಒಂದು ಕುಕ್ಕೆ, ಅದರೊಳಗೆ ಬೂದಿ, ಮೇಲೆ ಒಣಹುಲ್ಲು. ಹದ್ದಿನ ಪಾಲು, ಮುಂಗುಸಿಯ ಪಾಲು ಕಳೆದು ಅರ್ಧ ಮರಿ ಉಳಿದರೆ ಅದೇ ಲಾಭ. ಇಷ್ಟೆಲ್ಲ ಗೊತ್ತಿದ್ದವಳು ಆ ವರ್ಷದ ಮುಂಗಾರಿನಲ್ಲಿ ತನ್ನ ಒಳ್ಳೆಯ ಹೇಟೆಯನ್ನು ನಾಲ್ಕು ಆಮೆ ಮೊಟ್ಟೆಯ ಮೇಲೆ ಕೂರಿಸಿದಳು.

ಆಮೆಗೆ ಖರ್ಚೇ ಇರಲಿಲ್ಲ. ಸೊಪ್ಪಿನ ದಂಟು, ಕಲ್ಲಂಗಡಿ ಸಿಪ್ಪೆ, ಬೇಲಿಯಲ್ಲಿ ಉದುರಿದ ಪಾಪಾಸುಕಳ್ಳಿ ಹಣ್ಣು, ಏನು ಹಾಕಿದರೂ ತಿನ್ನುತ್ತಿತ್ತು. ಬೆನ್ನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದ ಒಣನೆಲದ ಆಮೆ ಅದು. ಗಂಡ ಬಾಷಾ ಸಾಬ್ ಮಿಡಿಗೇಶಿ ಕಡೆ ಕಡಲೆಕಾಯಿ ವ್ಯಾಪಾರಕ್ಕೆ ಗಾಡಿ ಕಟ್ಟಿಕೊಂಡು ಹೋದಾಗ ಬೆಟ್ಟದ ಬುಡದಲ್ಲಿ ಸಿಕ್ಕ ಜೋಡಿಯನ್ನು ರುಮಾಲಿನಲ್ಲಿ ಸುತ್ತಿಕೊಂಡು ಶಿರಾಕ್ಕೆ ತಂದಿದ್ದ. ‘ನಾನು ಊರೂರು ತಿರುಗೋನು, ನೀನು ಒಬ್ಬಳೇ ಇರ್ತೀಯ. ಇವು ಮಾತಾಡೋದಿಲ್ಲ, ಆದ್ರೆ ಎದ್ದೂ ಹೋಗೋದಿಲ್ಲ’ ಎಂದಿದ್ದ.

ಎರಡು ವರ್ಷಕ್ಕೆ ಅವನೇ ಹೋದ. ಹೆಣ ಹೊತ್ತ ಜನಾಜ ಹೊರಟ ದಿನ ಬೀದಿ ಬಾಗಿಲು ಇಡೀ ದಿನ ತೆರೆದಿತ್ತು. ಬಂದವರು ಹೋಗಿ ಮನೆ ಬರಿದಾದ ಮೇಲೆ ನೋಡಿದರೆ ಚಿಕ್ಕ ಆಮೆ, ಅದೇ ಗಂಡು, ಇರಲಿಲ್ಲ. ಹಿತ್ತಲಲ್ಲಿ ದೊಡ್ಡದೊಂದೇ ಉಳಿದಿತ್ತು. ಮಕ್ಕಳಿಲ್ಲದ ಮನೆ. ಹುಟ್ಟಿದ ಒಂದು ಕೂಸನ್ನು ಹೆಸರಿಡುವ ಮೊದಲೇ ಮಣ್ಣಿಗೆ ಕೊಟ್ಟಿದ್ದರು. ಬೆಳಗ್ಗೆ ಎದ್ದು ‘ತಿಂದೆಯಾ?’ ಎಂದು ಕೇಳುವುದಕ್ಕೆ ಅವಳಿಗೆ ಈಗ ಆ ಆಮೆ ಬಿಟ್ಟರೆ ಯಾರೂ ಇರಲಿಲ್ಲ.

ಮೊದಲ ಮಳೆ ಬಿದ್ದ ವಾರ ಆಮೆ ಹಿತ್ತಲಿನ ಮೂಲೆಯಲ್ಲಿ ನಿಂತು ನೆಲವನ್ನು ತಾನೇ ಒದ್ದೆ ಮಾಡಿಕೊಂಡು, ಹಿಂಗಾಲಿನಲ್ಲಿ ನಿಧಾನವಾಗಿ ಕೆದಕಿತು. ಮಧ್ಯಾಹ್ನವೆಲ್ಲ ಕೆದಕಿ, ಬಿಳಿಯ ಗುಂಡು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಎದೆಚಿಪ್ಪಿನಿಂದ ತಟ್ಟಿ ಸಮ ಮಾಡಿ, ಹಿಂತಿರುಗಿ ನೋಡದೆ ನಡೆಯಿತು.

ಆಗ ದಂಟು ತಂದಿದ್ದ ಸೊಪ್ಪಿನ ಪಟಾಲಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಅವಳದು ಪಕ್ಕದ ಮನೆ. ‘ಏನ್ ಬೀಬಮ್ಮ, ಗಂಡು ಓಡೋಗಿ ವರ್ಸಾತು, ಇದು ಇನ್ನೂ ಮೊಟ್ಟೆ ಇಕ್ತೈತಲ್ಲ!’

‘ಅದರ ಸಂಸಾರ ಕಟ್ಕೊಂಡು ನಿಂಗೇನಾಗಬೇಕು? ದಂಟು ಇಟ್ಟು ಹೋಗು.’

‘ನೆನಪಲ್ಲೇ ಇಕ್ತೈತೆ ಅನ್ಕೋ. ನನ್ನ ಗಂಡ ಮನೇಲೇ ಬಿದ್ದವ್ನೆ, ಒಂದ್ ಕೊಡ ನೀರಿಗೂ ಉಪಯೋಗ ಇಲ್ಲ!’

ನಕ್ಕಳು ಅಮೀರ್ ಬಿ. ಆದರೆ ಅಂದಿನಿಂದ ಅವಳ ಕಣ್ಣು ಆ ಮೂಲೆ ಬಿಟ್ಟು ಕದಲಲಿಲ್ಲ. ಮರಿ ಬೇಕು ಅನ್ನಿಸಿತು. ಒಂದಾದರೂ ಸಾಕು, ಅಂಗೈ ಮೇಲೆ ನಡೆಯಬೇಕು. ಹಾಗೆಂದು ಯಾರ ಹತ್ತಿರವೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ಆಮೆ ಮರಿಗೆ ಆಸೆಪಟ್ಟಳೆಂದರೆ ಕೇಳಿದವರು ಏನೆಂದಾರು?

ಶಿರಾದಲ್ಲಿ ಅವಳಷ್ಟು ಚೆನ್ನಾಗಿ ಕೋಳಿಯನ್ನು ಕಾವಿಗೆ ಕೂರಿಸುವವರು ಇರಲಿಲ್ಲ. ಬಾತುಕೋಳಿ ಮೊಟ್ಟೆ, ಗಿನಿಕೋಳಿ ಮೊಟ್ಟೆ, ಯಾರು ಏನು ತಂದರೂ ಮರಿ ಮಾಡಿ ಕೊಡುತ್ತಿದ್ದಳು. ಒಂದು ತಿಂಗಳು ತಡೆದಳು. ಮಣ್ಣಿಗೆ ಹಾಕಿದ್ದು ಯಾವುದೂ ಅವಳಿಗೆ ಅಲ್ಲಿಯವರೆಗೆ ತಿರುಗಿ ಬಂದಿರಲಿಲ್ಲ. ಒಂದು ಬೆಳಗ್ಗೆ ತಡೆಯಲಾರದೆ ಮಣ್ಣು ಸರಿಸಿ ಮೊಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡಳು. ಹೆಂಚಿನ ಸಂದಿಯಿಂದ ಬರುವ ಬಿಸಿಲುಕೋಲಿಗೆ ಒಂದೊಂದನ್ನೇ ಹಿಡಿದಳು. ಒಳಗೆ ಕೆಂಪು ಎಳೆ! ನಾಲ್ಕರಲ್ಲೂ ಎಳೆ. ಜೀವವಿತ್ತು. ಗಂಡಿನ ಬೀಜವನ್ನು ಆಮೆ ವರ್ಷಗಟ್ಟಲೆ ಮೈಯಲ್ಲೇ ಕಾದಿಟ್ಟಿತ್ತು.

ಕುಕ್ಕೆ ಸಿದ್ಧವಾಯಿತು. ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಿಲಿನ ಗೆರೆ ಎಳೆಯುವುದು ಅವಳ ಪದ್ಧತಿ. ಕೂತ ಕೋಳಿ ದಿನವೂ ಕೊಕ್ಕಿನಿಂದ ಮೊಟ್ಟೆ ಹೊರಳಿಸಬೇಕು, ಇಲ್ಲದಿದ್ದರೆ ಮರಿ ಒಂದೇ ಕಡೆ ಅಂಟಿ ಸಾಯುತ್ತದೆ. ಗೆರೆ ನೋಡಿ, ಕೋಳಿ ಮರೆತದ್ದನ್ನು ತಾನೇ ಹೊರಳಿಸುತ್ತಿದ್ದಳು. ಈ ನಾಲ್ಕಕ್ಕೆ ಕೆಂಪು ಎಳೆ ಕಂಡ ಮಗ್ಗುಲಿಗೇ ಗೆರೆ ಎಳೆದು, ಒಂದು ದಿನವೂ ತಪ್ಪದೆ ಹೊರಳಿಸಿದಳು.

ಮತ್ತೆ ಬಿಸಿಲಿಗೆ ಹಿಡಿದಾಗ ಎಳೆ ಕಾಣಲಿಲ್ಲ. ಮಬ್ಬು ಮಾತ್ರ ಇತ್ತು. ಬೆಳೆದು ಒಳಗೆಲ್ಲ ತುಂಬಿಕೊಂಡಿರಬೇಕು ಎಂದುಕೊಂಡಳು. ಹೇಟೆ ಬೇಸತ್ತು ಎದ್ದುಹೋದ ಮೇಲೂ ಹತ್ತಿಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟಳು. ವಾಸನೆ ಬಂದ ದಿನ ಒಂದನ್ನು ಒಡೆದಳು. ಒಳಗೆ ಕಣ್ಣು ಮುಚ್ಚಿದ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಮರಿ. ಚಿಪ್ಪಿನ ಒಂದು ಮಗ್ಗುಲಿಗೆ ಅಂಟಿ ಬೆಳೆಯುತ್ತಿದ್ದದ್ದು ಕಿತ್ತುಬಂದಿತ್ತು. ಅಂಟಿದ್ದ ಗುರುತು ಇದ್ದದ್ದು ಸರಿಯಾಗಿ ಇದ್ದಿಲಿನ ಗೆರೆಯ ಕೆಳಗೆ. ಮಣ್ಣಿನಲ್ಲಿ ಯಾವುದು ಮೇಲಿತ್ತೋ ಅದೇ ಮೇಲಿರಬೇಕಿತ್ತು. ಕೋಳಿಮರಿಗೆ ಸಾವು ತರುವ ಆ ಅಂಟೇ ಇದಕ್ಕೆ ಬದುಕು. ಉಳಿದ ಮೂರನ್ನು ಒಡೆಯದೆ ಹೂತಳು.

‘ಹೋಗ್ಲಿ ಬುಡು, ಕೋಳಿ ಮೊಟ್ಟೇನೂ ಎಷ್ಟೋ ಕೆಡ್ತಾವೆ’ ಎಂದಳು ಪಟಾಲಮ್ಮ.

‘ಕೋಳಿ ಕೆಡಿಸಲಿಲ್ಲ ಪಟಾಲಮ್ಮ. ಈ ಕೈ ಕೆಡಿಸ್ತು.’

ಮರು ವರ್ಷ ಮುಂಗಾರಿಗೆ ಆಮೆ ಅದೇ ಮೂಲೆಯಲ್ಲಿ ಮತ್ತೆ ಮೊಟ್ಟೆ ಇಟ್ಟಿತು. ಮುಟ್ಟಬಾರದು ಎಂದು ಅಮೀರ್ ಬಿ ಆಣೆ ಮಾಡಿಕೊಂಡಳು. ಮೂರನೆಯ ದಿನ ಬೆರಳು ತಾನಾಗಿ ಮಣ್ಣು ಸವರುತ್ತಿದ್ದದ್ದನ್ನು ಕಂಡಳು. ಇನ್ನೊಂದು ವಾರಕ್ಕೆ ಅಗೆದೇ ಬಿಡುತ್ತೇನೆ ಎಂಬುದು ಅವಳಿಗೆ ಖಾತ್ರಿಯಾಯಿತು. ತನ್ನ ಕೈಯ ಬುದ್ಧಿ ತನಗೆ ಗೊತ್ತಿಲ್ಲವೇ? ಊರು ಬಿಟ್ಟಿರಲು ನಿಶ್ಚಯಿಸಿ ಕೋಳಿಗಳನ್ನು ಪಟಾಲಮ್ಮನ ಮನೆಗೆ ಅಟ್ಟಿ, ಬೀಗದ ಕೈ ಅವಳಿಗೇ ಕೊಟ್ಟಳು.

‘ದಿನಾ ದಂಟು ಹಾಕು. ಆ ಮೂಲೆಗೆ ಮಾತ್ರ ಹೋಗಬೇಡ. ಅಲ್ಲಿ ಏನೇ ಕಂಡರೂ ಮುಟ್ಟಬೇಡ. ಆಣೆ ಮಾಡು.’

‘ಆಯ್ತು ಕಣಮ್ಮ, ಮುಟ್ಟಲ್ಲ. ನಿಧಿ ಹೂತಂಗೆ ಆಡ್ತೀಯ!’

ಕೊರಟಗೆರೆಯಲ್ಲಿ ತಂಗಿ ಜಮೀಲಾಳ ಮನೆ. ಕಡ್ಡಿ ಇಡಲು ಜಾಗವಿಲ್ಲದಷ್ಟು ಮಕ್ಕಳು ಮೊಮ್ಮಕ್ಕಳು. ‘ಆಪಾ, ಇಲ್ಲೇ ಇದ್ಬಿಡು’ ಎಂದು ತಂಗಿ ದಿನವೂ ಹೇಳುತ್ತಿದ್ದಳು. ಮಕ್ಕಳೂ ಮೈಮೇಲೆ ಬೀಳುತ್ತಿದ್ದವು. ಆದರೆ ಅಳು ಬಂದಾಗ ಪ್ರತಿಯೊಂದೂ ಅವಳ ಮಡಿಲಿನಿಂದ ಇಳಿದು ತನ್ನ ತಾಯಿಯ ಕಡೆಗೆ ಓಡುತ್ತಿತ್ತು. ತುಂಬಿದ ಆ ಮನೆಯಲ್ಲಿ ಅವಳಿಗೆ ಶಿರಾದ ಮನೆಗಿಂತ ಹೆಚ್ಚು ಒಂಟಿತನ. ಮಧ್ಯಾಹ್ನ ಜಗಲಿಯ ಮೇಲೆ ಕೂತು, ಅಲ್ಲಿ ಮಳೆ ಹೆಚ್ಚಾಯಿತೋ, ನೀರು ನಿಂತಿತೋ ಎಂದು ಲೆಕ್ಕ ಹಾಕುತ್ತಿದ್ದಳು. ಮನಸ್ಸು ಆ ಮೂಲೆಗೆ ಓಡಿದಾಗಲೆಲ್ಲ ಕೈಗೆ ಕೆಲಸ ಕೊಟ್ಟಳು. ರಾಗಿ ಕೇರಿದಳು, ಕೌದಿ ಹೊಲಿದಳು.

ಹಿಂಗಾರು ಹಿಡಿದ ಮೇಲೆ ಬಸ್ಸು ಹತ್ತಿದಳು. ಪಟಾಲಮ್ಮನಿಂದ ಬೀಗದ ಕೈ ತೆಗೆದುಕೊಂಡವಳು ಏನನ್ನೂ ಕೇಳದೆ, ಗಂಟು ಇಳಿಸದೆ ಹಿತ್ತಲಿಗೆ ಹೋದಳು. ಮೂಲೆಯ ಮಣ್ಣಿನಲ್ಲಿ ಮುಷ್ಟಿಯಷ್ಟಗಲದ ತೂತು. ಕೈ ಹಾಕಿದಳು. ಒಡೆದ ಚಿಪ್ಪು, ಒಳಗೆ ಒಣಗಿದ ಪೊರೆ. ಒಂದು, ಎರಡು, ಮೂರು. ಹೆಂಚು ಎತ್ತಿ ನೋಡಿದಳು, ಸೌದೆ ಸರಿಸಿದಳು. ತಾಯಿ ಆಮೆ ಕಳ್ಳಿಯ ನೆರಳಲ್ಲಿ ಕತ್ತು ಒಳಗೆಳೆದುಕೊಂಡು ಕೂತಿತ್ತು. ಬೇರೇನೂ ಇರಲಿಲ್ಲ.

ಪಟಾಲಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

‘ಮರಿ ಎಲ್ಲಿ?’

‘ಹೋದ್ವು ಕಣಮ್ಮ. ಮೊನ್ನೆ ಮಳೆ ಬಿದ್ದ ಮರುದಿನ ನೋಡ್ದೆ. ನಿಂಬೆಹಣ್ಣಿನಷ್ಟು ಇದ್ವು, ಬೆನ್ನ ಮ್ಯಾಲೆ ಹಳದಿ ಗೆರೆ. ಒಂದರ ಹಿಂದೆ ಒಂದು ಬಚ್ಚಲ ಮೋರಿ ದಾಟಿ ಹೊಲದ ಕಡೆ ನಡ್ಕೊಂಡು ಹೋದ್ವು. ಎಷ್ಟು ಚೆಂದ ಇದ್ವು ಅಂತೀಯ!’

‘ಹಿಡಿಯಬಾರದಿತ್ತಾ?’

‘ಮುಟ್ಬ್ಯಾಡ ಅಂದೋಳು ನೀನೇ ತಾನೆ? ಆಣೆ ಬೇರೆ ಮಾಡಿಸ್ದೆ.’

ಅಮೀರ್ ಬಿ ಒಡೆದ ಚಿಪ್ಪುಗಳನ್ನು ತೂತಿಗೆ ಹಾಕಿ ಮಣ್ಣು ಮುಚ್ಚಿದಳು. ಆಮೇಲೆ ‘ಸರಿಯಾಗೇ ಮಾಡಿದೆ’ ಎಂದಳು. ಸಂಜೆಯವರೆಗೆ ಮೋರಿಯ ಆಚೆ ಹೊಲದ ಬದುವಿನಲ್ಲಿ ಬಗ್ಗಿ ಬಗ್ಗಿ ಹುಡುಕಿದಳು. ಕತ್ತಲಾಗುವ ಮೊದಲು ಬಂದು ಆಮೆಗೆ ದಂಟು ಹಾಕಿ ಬಾಗಿಲು ಹಾಕಿಕೊಂಡಳು.

ಮೂರು ಮರಿ ಬದುಕಿ ಹೊರಗೆ ಬಂದವು. ಅವುಗಳಲ್ಲಿ ಒಂದನ್ನೂ ಅವಳು ನೋಡಲಿಲ್ಲ.