ಕಾಲೋನಿ ತೆಗೆಯುವ ಕಾರ್ಯಕ್ರಮ

"ಬೂಟು ಬಿಚ್ಚಲೇ ಬೋಳಿಮಗನೆ. ಕಿವಿ ಕೇಳಾಕಿಲ್ವೇನ್ಲಾ?"

ಗೋಪಾಲಪ್ಪ ಮೆಟ್ಟಿಲ ಮೇಲೆ ನಿಂತು ಕೂಗಿದ. ಕಾಡುಗೋಡಿ ರಸ್ತೆಯ ಈ ಕನ್ವೆನ್ಷನ್ ಹಾಲ್ ಅವನದು. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿಯ ಗಾಜಿನ ಕಟ್ಟಡ ನಿಂತಿದೆ. ನಾನು ಅದರ ಗೇಟಿನ ಸೆಕ್ಯುರಿಟಿ, ಹೆಸರು ಭೀಮಪ್ಪ, ಯಾದಗಿರಿ ಕಡೆಯವನು.

"ಯಾಕ್ರಿ ಧಣಿ? ಮುಂಜಾನಿನೇ ಪಾಲಿಶ್ ಮಾಡೀನ್ರಿ," ಎಂದೆ.

ಪಕ್ಕದಲ್ಲಿದ್ದ ವನಜಾ ಮೇಡಂ ಅವನನ್ನು ಸುಮ್ಮನಿರಿಸಿದರು. ಆ ದಿನದ ಕಾರ್ಯಕ್ರಮ ನಡೆಸುತ್ತಿದ್ದವರು ಅವರೇ. "ನೋಡಿ ಭೀಮಪ್ಪ, ಈ ಪ್ಯಾಂಟು, ಬೂಟು, ಸೆಲ್ಯೂಟು ಎಲ್ಲಾ ಬ್ರಿಟಿಷರು ಬಿಟ್ಟುಹೋಗಿದ್ದು. ಇವತ್ತು ನಮ್ಮ ಪ್ರೋಗ್ರಾಮೇ ಡಿಕಾಲನೈಸೇಶನ್. ನೀವೇ ಹೀಗೆ ಗೇಟಲ್ಲಿ ನಿಂತ್ರೆ ಬಂದವರು ನಗಲ್ವಾ?"

ಅದರಲ್ಲಿ ನನಗೆ ತಿಳಿದದ್ದು ಕಾಲೋನಿ ಎಂಬ ಒಂದೇ ಮಾತು. "ಕಾಲೋನಿ ತೆಗೀತೀರೇನ್ರಿ ಮೇಡಂ?"

ಊರಲ್ಲಿ ನಾನು ಹುಟ್ಟಿದ್ದು ಅಂಬೇಡ್ಕರ್ ಕಾಲೋನಿಯಲ್ಲಿ. ಇಲ್ಲಿ ಹಾಲಿನ ಹಿಂದೆ ನಾವು ಹದಿನಾಲ್ಕು ಮನೆಯವರು ತಗಡಿನ ಶೆಡ್ಡು ಹಾಕಿಕೊಂಡಿದ್ದೇವೆ, ಅದಕ್ಕೂ ಕಾಲೋನಿ ಎಂದೇ ಹೆಸರು. ಕಾಲೋನಿ ಎಂದರೆ ನಮ್ಮ ಪಾಲಿಗೆ ನಾವೇ.

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದಲ್ಲಿ ಖಾದಿ ಜುಬ್ಬ ಹಾಕಿಕೊಂಡು ನಿಂತಿದ್ದ ಪ್ರೊಫೆಸರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಅವರನ್ನೂ ನಗಿಸಿದರು. "ಅಯ್ಯೋ, ಆ ಕಾಲೋನಿ ಅಲ್ಲಪ್ಪಾ!"

"ಅದ್ನೂ ತೆಗೀಬೇಕು ಕಣ್ರೀ ಮೇಡಂ," ಎಂದ ಗೋಪಾಲಪ್ಪ. "ಪಾರ್ಕಿಂಗಿಗೆ ಜಾಗ ಸಾಲ್ದು. ಬರೋ ತಿಂಗ್ಳು ಜೆಸಿಬಿ ಬಿಡ್ಸ್ತೀನಿ." ಅವನೂ ನಕ್ಕ.

ಬಾಗಿಲ ಮೇಲೆ ಬ್ಯಾನರು ಕಟ್ಟಿದ್ದರು. ವಸಾಹತುಶಾಹಿಯಿಂದ ಬಿಡುಗಡೆ: ರಾಜಕೀಯ, ಸಮಾಜ, ಸಾಹಿತ್ಯ. ಕೆಳಗೆ ಪ್ರೊಫೆಸರ ಫೋಟೋ, ಅವರ ಹೊಸ ಪುಸ್ತಕದ ಫೋಟೋ. ಪುಸ್ತಕ ಇಂಗ್ಲಿಷಿನದು. ಮೇಡಂ ಒಂದು ಚೀಲದಿಂದ ಪಂಚೆ, ಕರಿ ಕಂಬಳಿ, ಒಂದು ಹಲಗಿ ತೆಗೆದು ನನ್ನ ಕೈಗಿಟ್ಟರು. ಈ ಕಡೆಯವರು ಅದಕ್ಕೆ ತಮಟೆ ಎನ್ನುತ್ತಾರೆ.

"ಮೇಲೆ ಅಂಗಿ ಬೇಡ, ನ್ಯಾಚುರಲ್ ಆಗಿರ್ಲಿ. ಅತಿಥಿಗಳನ್ನ ಗೇಟಿಂದ ಬಾರಿಸ್ಕೊಂಡು ಕರ್ಕೊಂಡ್ ಬನ್ನಿ."

ಪ್ರೊಫೆಸರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಜನ ಬರಿಮೈಯಲ್ಲಿ ಎಷ್ಟು ಘನತೆಯಿಂದ ಇದ್ರು ಗೊತ್ತೇನಪ್ಪಾ? ನಾಚಿಕೆ ಕಲಿಸಿದವರೇ ಇಂಗ್ಲಿಷರು."

ನಮ್ಮೂರಲ್ಲಿ ಬಿಳಿಯನ ಮುಖ ಕಂಡವರು ಯಾರೂ ಇಲ್ಲ. ಗೌಡನ ಮುಖ ಕಂಡಿದ್ದೇವೆ. ಅವನ ಮನೆ ಮುಂದೆ ಬೂಟು ಹಾಕಿಕೊಂಡು ಹಾದೆನೆಂದು ಆ ಎರಡೂ ಬೂಟನ್ನು ನನ್ನ ತಲೆಯ ಮೇಲೆ ಹೊರಿಸಿ ಊರೆಲ್ಲ ಸುತ್ತಿಸಿದರು. ಮುಂದೆ ಹಲಗಿ ಬಾರಿಸಿದವನು ನನ್ನಪ್ಪ. ಬಾರಿಸು ಎಂದರು, ಬಾರಿಸಿದ. ಆ ವಾರವೇ ನಾನು ಬೆಂಗಳೂರಿನ ಬಸ್ಸು ಹತ್ತಿದೆ. ಈ ಪ್ಯಾಂಟು ಯಾವ ದೇಶದ್ದೋ ನನಗೆ ಬೇಕಿಲ್ಲ. ಇದನ್ನು ಹಾಕಿಕೊಂಡ ಮೇಲೆ ಜನ ನನ್ನನ್ನು ಅಣ್ಣಾ ಎಂದು ಕರೆದರು.

"ಹಲಗಿ ನಾ ಬಾರ್ಸಂಗಿಲ್ರಿ," ಎಂದೆ.

"ಬಾರ್ಸಾಕಿಲ್ವಾ?" ಗೋಪಾಲಪ್ಪ ಎರಡು ಮೆಟ್ಟಿಲು ಇಳಿದು ಬಂದ. "ನಿಮ್ ಮುತ್ತಣ್ಣಂಗೆ ಹಿಂದ್ಗಡೆ ಗೇಟಲ್ಲಿ ಕಿವಿ ಹರ್ದೋಗೋ ಅಂಗೆ ಬಾರ್ಸಿದ್ಯಲ್ಲಾ, ಈಗೇನ್ಲಾ ರೋಗ ನಿಂಗೆ? ಅಂಗೇ ಬಾರ್ಸು. ಇಲ್ಲಾಂದ್ರೆ ಇವತ್ತೇ ಶೆಡ್ ಖಾಲಿ ಮಾಡು, ಸೂಳೆಮಗನೆ."

ಮುತ್ತಣ್ಣನ ಹೆಸರು ಅವನು ಎತ್ತಬಾರದಿತ್ತು. ಇದೇ ಗಾಜು ಒರೆಸಲು ನಮ್ಮ ಕಾಲೋನಿಯ ಮುತ್ತಣ್ಣನನ್ನು ನಾಲ್ಕನೇ ಮಹಡಿಯಿಂದ ಬರೀ ಹಗ್ಗದಲ್ಲಿ ಇಳಿಸಿದ್ದರು. ಬಿದ್ದು ಸತ್ತ. ಕುಡಿದಿದ್ದ ಎಂದು ಗೋಪಾಲಪ್ಪ ಪೊಲೀಸರಿಗೆ ಹೇಳಿದ. ಮುತ್ತಣ್ಣ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ. ಹಾಲಿನಲ್ಲಿ ಮದುವೆ ಇದೆಯೆಂದು ಹೆಣವನ್ನು ಮುಂದಿನ ಗೇಟಿನಿಂದ ಒಯ್ಯಲು ಬಿಡಲಿಲ್ಲ. ಊರು ಬಿಟ್ಟ ಮೇಲೆ ನಾನು ಹಲಗಿ ಹಿಡಿದದ್ದು ಅವತ್ತು ಒಂದೇ ದಿನ. ಅವನ ಹೆಂಡತಿ ಮರೆವ್ವ ಈಗಲೂ ಇದೇ ಹಾಲಿನ ನೆಲ ಒರೆಸುತ್ತಾಳೆ, ಬೇರೆ ಗತಿಯಿಲ್ಲದೆ.

"ಬಾರಸ್ತೀನ್ರಿ," ಎಂದೆ.

ಬೂಟು, ಅಂಗಿ ಬಿಚ್ಚಿದೆ. ಹೆಚ್ಚಿಗೆ ಉಳಿದಿದ್ದ ಆಮಂತ್ರಣ ಪತ್ರಿಕೆಗಳನ್ನು ಕಾಂಪೌಂಡಿನ ಮೂಲೆಯಲ್ಲಿ ಸುಟ್ಟು ಹಲಗಿ ಕಾಯಿಸುತ್ತ ಕೂತೆ. ಮರೆವ್ವ ಒರೆಸುವ ಕೋಲು ಹಿಡಿದು ಬಂದವಳು ನನ್ನ ಬರಿಮೈ ನೋಡಿ ಮುಖ ತಿರುಗಿಸಿದಳು.

"ಥೂ, ಇದೇನ್ ವೇಷೋ ಭೀಮಣ್ಣ! ಈ ಹಾಟ್ಯಾ ಗೋಪಾಲಪ್ಪನ ಮುಂದ ಬಾರಸ್ತೀಯೇನು?"

"ಬಾರಸ್ತೀನವ್ವ. ನೀ ಸುಮ್ನ ಕೇಳು."

ಒಂಬತ್ತೂವರೆಗೆ ಗೇಟಿನ ಮುಂದೆ ಎಲ್ಲರೂ ಸೇರಿದರು. ಮುಂದೆ ಪ್ರೊಫೆಸರು, ಅವರ ಪಕ್ಕದಲ್ಲಿ ಗೋಪಾಲಪ್ಪ. ಹಾಲ್ ಪುಕ್ಕಟೆ ಕೊಟ್ಟಿದ್ದಕ್ಕೆ ಅವನ ತಲೆಗೆ ಪೇಟ, ಕೊರಳಿಗೆ ಹಾರ. ಅವನ ಮಗ್ಗುಲಲ್ಲಿ ಹೂವಿನ ಎಸಳಿನ ತಟ್ಟೆ ಹಿಡಿದ ಮೇಡಂ.

ಹಲಗಿಗೆ ಮದುವೆಗೊಂದು ಏಟು, ದೇವರಿಗೊಂದು, ಡಂಗುರಕ್ಕೊಂದು, ಹೆಣಕ್ಕೊಂದು. ನಮ್ಮವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಗೋಪಾಲಪ್ಪನ ಎದುರಿಗೆ ನಿಂತು, ಅವನ ಮುಖ ನೋಡುತ್ತಾ, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತಾ ಶುರು ಮಾಡಿದೆ.

ಜನ ಚಪ್ಪಾಳೆ ತಟ್ಟಿದರು, ಮೊಬೈಲು ಎತ್ತಿದರು. ಇಬ್ಬರು ಹುಡುಗಿಯರು ಸೊಂಟ ಕುಣಿಸಿದರು. ಪ್ರೊಫೆಸರು ಕಣ್ಣು ಮುಚ್ಚಿ ತಲೆದೂಗಿದರು. ಗೋಪಾಲಪ್ಪ ಹತ್ತು ಹೆಜ್ಜೆ ನಗುನಗುತ್ತಲೇ ಬಂದ. ಹನ್ನೊಂದನೇ ಹೆಜ್ಜೆಗೆ ಅವನಿಗೆ ಗುರುತು ಸಿಕ್ಕಿತು.

"ಲೋ, ಇದು ಹೆಣದ್ದು ಕಣ್ಲಾ. ನಿಲ್ಸೋ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ನೀವ ಹೇಳಿದ್ರೆಲ್ರಿ ಧಣಿ, ಮುತ್ತಣ್ಣಗ ಬಾರಿಸಿದಂಗ ಬಾರ್ಸು ಅಂತ."

"ನಿನ್ ಕೈ ಮುರೀತೀನಿ."

"ಜೋರ್ ಹೇಳ್ರಿ. ಎಲ್ಲಾರಿಗೂ ಕೇಳ್ಲಿ."

ಹೇಗೆ ಹೇಳಿಯಾನು? ಹಿಂದೆ ಐವತ್ತು ಮೊಬೈಲು, ತಲೆಯ ಮೇಲೆ ಪೇಟ. ತನ್ನ ಮುಂದೆ ಹೆಣದ ಬಡಿತ ಬಡಿಯುತ್ತಿದ್ದಾರೆ ಎಂದು ಅವನೇ ಬಾಯಿಬಿಟ್ಟು ಹೇಳಬೇಕು. ಅವನ ಕಿವಿಯ ಪಕ್ಕದಲ್ಲಿ ಬೆವರು ಇಳಿಯಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನೂ ಜೋರಾಗಿ ಬಾರಿಸಿದೆ.

ಅಷ್ಟರಲ್ಲಿ ಮರೆವ್ವ ಕೋಲನ್ನು ಗೋಡೆಗೆ ಒರಗಿಸಿ, ತುರುಬು ಬಿಚ್ಚಿ, ಜನರ ನಡುವೆ ನುಗ್ಗಿ ಬಂದಳು. ಮೇಡಂ ಕೈಯ ತಟ್ಟೆಯಿಂದ ಒಂದು ಹಿಡಿ ಹೂವು ತೆಗೆದುಕೊಂಡಳು. ಚಟ್ಟದ ಮೇಲೆ ಹಾಕುವಂತೆ ಅದನ್ನು ಗೋಪಾಲಪ್ಪನ ಮೇಲೆ ಎಸೆದಳು.

"ಹ್ವಾದೆಲ್ಲೋ ನನ್ನಪ್ಪಾ! ಗಾಜಿನ ಹಾಲು, ಜೆಸಿಬಿ ಎಲ್ಲಾ ಇಲ್ಲೇ ಬಿಟ್ಟು ಹ್ವಾದೆಲ್ಲೋ!" ಎಂದು ಎದೆ ಬಡಿದುಕೊಂಡು, ರಾಗ ಎಳೆದು ಅಳತೊಡಗಿದಳು.

ಬಂದವರಿಗೆ ಇದು ಬಹಳ ಹಿಡಿಸಿತು. ಸ್ವಾಗತದ ಹಾಡೆಂದು ತಿಳಿದರೋ ಏನೋ, ಒಬ್ಬೊಬ್ಬರೇ ತಟ್ಟೆಗೆ ಕೈ ಹಾಕಿದರು. ಹುಡುಗಿಯರು ಎಸೆದರು. ಪ್ರೊಫೆಸರೂ ಒಂದು ಹಿಡಿ ಎಸೆದರು. ಗೋಪಾಲಪ್ಪನ ಪೇಟದ ಮೇಲೆ, ಹೆಗಲ ಮೇಲೆ, ಮೀಸೆಯಲ್ಲಿ ಎಸಳು ಕೂತವು. ಅವನು ಅವನ್ನು ಕೊಡವಿಕೊಳ್ಳಲೂ ಇಲ್ಲ.

ಬಾಗಿಲ ಹತ್ತಿರ ಮೇಡಂ ಮೈಕು ತರಿಸಿಕೊಂಡರು. "ವಂಡರ್‌ಫುಲ್! ಭೀಮಪ್ಪ, ಇದು ಯಾವ ಸಂದರ್ಭದಲ್ಲಿ ಬಾರಿಸೋದು? ಎಲ್ಲರಿಗೂ ಹೇಳಿ." ಮೈಕನ್ನು ನನ್ನ ಬಾಯಿಗೆ ಹಿಡಿದರು.

"ಹೆಣದ ಮುಂದ ಬಾರಸೂದ್ರಿ."

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಮೇಡಂ ನಗಲು ನೋಡಿದರು. "ಹೆಣಾನಾ? ಯಾರ್ದು?"

"ಈಗ ನೀವೆಲ್ಲಾ ಹೂವು ಹಾಕಿದ್ರೆಲ್ರಿ, ಅವಂದು," ಎಂದೆ. "ಇನ್ನ ಮಣ್ಣು ಹಾಕೂದೊಂದು ಬಾಕಿ ಅದ."

ಪ್ರೊಫೆಸರು ಅಂಗೈಗೆ ಅಂಟಿದ್ದ ಎಸಳನ್ನು ಜುಬ್ಬಕ್ಕೆ ಒರೆಸಿಕೊಂಡರು. ಮರೆವ್ವನ ಅಳು ಮಾತ್ರ ನಿಂತಿರಲಿಲ್ಲ. ನಾನು ಮೈಕನ್ನು ಪಕ್ಕಕ್ಕೆ ತಳ್ಳಿ ಮತ್ತೆ ಬಾರಿಸತೊಡಗಿದೆ.