ಚೀಲಗಳ ಮೇಲೆ ಮಜ್ಜಿಗೆ

ಜೋಳ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆಯನ್ನು ಅರವತ್ತು ನೈಲಾನ್ ಬಲೆಯ ಚೀಲಗಳಲ್ಲಿ ತುಂಬಿ, ಚಚಡಿ ಹಳ್ಳಿಯ ಬಾಯವ್ವನ ಹೊಲದಲ್ಲಿ ಹೂತಿದ್ದೆ. ಅದು ೨೦೦೧ನೇ ಇಸವಿ; ನಾನು ಕೃಷಿ ಎಂ.ಎಸ್ಸಿ. ವಿದ್ಯಾರ್ಥಿನಿ. ತಿಂಗಳಿಗೆ ಹತ್ತು ಚೀಲ ಅಗೆದು, ತೊಳೆದು, ಒಣಗಿಸಿ ತೂಗಬೇಕು. ತೂಕ ಎಷ್ಟು ಇಳಿಯಿತೋ ಅಷ್ಟು ಕೊಳೆತಿದೆ ಎಂದರ್ಥ. ಇಷ್ಟಕ್ಕೆ ಕಾಲೇಜು ಯಾಕೆ ಎಂದು ಅಪ್ಪ ನಗುತ್ತಿದ್ದರು.

ಫೆಬ್ರುವರಿಯಲ್ಲಿ ತೆಗೆದ ಚೀಲಗಳು ಅರ್ಧಕ್ಕರ್ಧ ಖಾಲಿ. ಎರೆಹೊಲ ಒಣಗಿ ಬಿರುಕು ಬಿಡುವ ಕಾಲದಲ್ಲಿ ಅದು ಆಗದ ಮಾತು. ಕೇಳಿದರೆ ಬಾಯವ್ವ ಏನನ್ನೂ ಮುಚ್ಚಿಡಲಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಭೂಮಿಗೆ ಉಣಿಸುವಾಗ ನನ್ನ ಚೀಲಗಳಿಗೂ ಉಣಿಸಿದ್ದಳು. ಆಮೇಲೆ ದಿನಾ ಒಂದು ಕೊಡ ನೀರುಮಜ್ಜಿಗೆ.

"ಬರೇ ಒಣಾ ಕಡ್ಡಿ ಕೊಟ್ರ ಭೂಮಿತಾಯಿ ಹೆಂಗ ತಿಂತಾಳ ತಂಗಿ? ನಿನ್ನ ಪರೀಕ್ಷಾ ಲಗೂ ಮುಗೀಲಿ ಅಂತ ಹಾಕಿದ್ನಿ."

ಮತ್ತೆ ಮೊದಲಿನಿಂದ ಹೂಳಬೇಕಿತ್ತು. ಒಂದು ವರ್ಷ ಹಾಳು. ಮನೆಯಲ್ಲಿ ನನ್ನ ಮದುವೆ ಬೇರೆ ಗೊತ್ತಾಗಿತ್ತು. ಪ್ರಬಂಧದಲ್ಲಿ ಮಜ್ಜಿಗೆಯ ಮಾತು ಬಿಟ್ಟು ಅಂಕಿ ಹಾಗೇ ಬರೆದೆ. ಗೈಡ್ ಬೆನ್ನು ತಟ್ಟಿದರು. ಕೂಳೆ ಕೀಳಬೇಡಿ, ನೇಗಿಲು ಹೊಡೆದು ಮುಚ್ಚಿ, ಮುಂಗಾರಿನೊಳಗೆ ಗೊಬ್ಬರವಾಗುತ್ತದೆ ಎಂದು ಕರಪತ್ರವೂ ಅಚ್ಚಾಯಿತು.

ಮರುವರ್ಷ ಆಷಾಢದಲ್ಲಿ ಚಚಡಿಗೆ ಹೋದೆ. ಸುತ್ತಲಿನ ಹೊಲಗಳು ಕಪ್ಪು ಹಸಿರು. ಬಾಯವ್ವನ ಗೋವಿನಜೋಳ ಮಾತ್ರ ಹಳದಿ ಬಿದ್ದು ಗೇಣುದ್ದ ನಿಂತಿತ್ತು. ಮಣ್ಣು ಕೆದರಿದೆ. ಕೂಳೆ ಇನ್ನೂ ಗಟ್ಟಿಯಾಗಿತ್ತು, ಕೊಳೆಯಲು ಪೈರಿನ ಪಾಲಿನ ಸಾರವನ್ನೇ ಎಳೆದುಕೊಳ್ಳುತ್ತಿತ್ತು. ಊರಲ್ಲಿ ಆ ಕರಪತ್ರವನ್ನು ನಂಬಿದವಳು ಆಕೆಯೊಬ್ಬಳೇ, ಅದೂ ನಮ್ಮ ಹುಡುಗಿ ಬರೆದದ್ದು ಎಂದು. ಒಲೆಗೆ ಬೇಕಾದ ಕೂಳೆಯನ್ನೂ ಕಿತ್ತಿರಲಿಲ್ಲ.

ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಬಾಯವ್ವನಿಗೆ ಹೇಳಿಬಿಟ್ಟೆ: ಮಜ್ಜಿಗೆ ಬಿದ್ದದ್ದಕ್ಕೇ ಅಂದು ಬೇಗ ಕೊಳೆತದ್ದು, ಅದು ಗೊತ್ತಿದ್ದೂ ನಾನು ಸುಳ್ಳು ಬರೆದೆ. ಆಕೆಯ ಕಿವಿಗೆ ಬಿದ್ದದ್ದು ಮಜ್ಜಿಗೆಯೊಂದೇ.

ಅಷ್ಟರಲ್ಲಿ ಪಕ್ಕದ ಹೊಲದ ಪರಪ್ಪ ಬದುವಿನ ಮೇಲೆ ಬಂದು, ಬೆಳೆಗೇನಾಯಿತು ಎಂದು ವಿಚಾರಿಸಿದ.

"ನಂದ ತಪ್ಪೈತಿ ಯಣ್ಣಾ," ಎಂದಳು ಬಾಯವ್ವ. "ಪಾಪ, ಈ ತಂಗಿ ಓದು ನಾನ ಮಜ್ಜಿಗಿ ಹಾಕಿ ಕೆಡಿಸಿದ್ನಿ."

ಪರಪ್ಪ ನನ್ನ ಕಡೆ ತಿರುಗಿದ. ಅಲ್ಲ ಎಂದರೆ ಸಾಕಿತ್ತು. ಬೈಲಹೊಂಗಲದ ಬಸ್ಸಿಗೆ ಹೊತ್ತಾಯಿತು ಎಂದೆ.