ಅತ್ತಿಬೆಲೆ ಗೇಟಿನ ಮುದ್ದೆ

ಬಸ್ಸು ಹೊಸಕೋಟೆ ಬಿಟ್ಟು ಸರ್ಜಾಪುರದ ದಾರಿ ಹಿಡಿದಿತ್ತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹುಡುಗರು ಊರು ಬಿಟ್ಟಾಗಿನಿಂದ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡು ಈಗ ಒಬ್ಬರ ಹೆಗಲ ಮೇಲೊಬ್ಬರು ಒರಗಿ ತೂಕಡಿಸುತ್ತಿದ್ದರು. ಡ್ರೈವರ್ ಅಬ್ದುಲ್ ಖಾದರ್ ತನಗೂ ನಿದ್ದೆ ಹತ್ತದಿರಲಿ ಅಂತ, ತನ್ನ ಹಿಂದಿನ ಸೀಟಿನಲ್ಲೇ ಕೂತಿದ್ದ ಮುನಿವೆಂಕಟಮ್ಮನ ಜೊತೆ ಮಾತಿಗಿಳಿದ.

"ಅತ್ತಿಬೆಲೆ ಗೇಟು ಒಂದು ದಾಟಿಬಿಟ್ರೆ ಆಚೆಗೆ ಬ್ರಿಟಿಷರ ಸೀಮೆ ಅಮ್ಮಾ. ಆಮೇಲೆ ಹೊಗೆನಕಲ್ಲು ತನಕ ಯಾರೂ ಕೇಳೋರಿಲ್ಲ. ಆದ್ರೆ ಆ ಗೇಟು ಬಹಳ ಖರಾಬು. ಮೊನ್ನೆ ಒಬ್ಬ ಮುದುಕ ಮಗಳ ಮನೆಗೆ ಅಂತ ಒಂದಿಷ್ಟು ರಾಗಿ ಹಿಟ್ಟು ಸೊಂಟಕ್ಕೆ ಕಟ್ಕೊಂಡು ಬಂದಿದ್ದ. ಕೆಳಗಿಳಿಸಿ, ಹೆಸರು ಬರ್ಕೊಂಡು, ಈಗ ಕೋರ್ಟಿಗೆ ಅಲೆಸ್ತಾ ಅವ್ರೆ."

"ಹಿಟ್ಟಿಗೂ ಕೋರ್ಟೇನಪ್ಪಾ?"

"ಯುದ್ಧ ಮುಗೀತು, ರೇಷನ್ ಎಲ್ಲಿ ಮುಗೀತು? ಕಾಳಾಗ್ಲಿ ಹಿಟ್ಟಾಗ್ಲಿ ಮೈಸೂರು ಸೀಮೆ ಬಿಟ್ಟು ಆಚೆ ಹೋಗಂಗಿಲ್ಲ. ಬೇಯಿಸಿದ ಬುತ್ತಿ ಆದ್ರೆ ಬಿಡ್ತಾರೆ. ಮೇಷ್ಟ್ರು ನಿಮಗೆ ಹೇಳಿರಬೇಕಲ್ಲ?"

ಹೇಳಿದ್ದ. ಮೇಷ್ಟ್ರು ಅಂದರೆ ಬೇರೆ ಯಾರೂ ಅಲ್ಲ, ಅವಳ ಮಗ ವೆಂಕಟರಾಯಪ್ಪ. ಜಲಪಾತ ನೋಡಲು ಮಕ್ಕಳನ್ನು ಪರಸೀಮೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಹೊರಟವನೇ ಅವನು. ಅಡಿಗೆಗೆ ಅಂತ ತಾಯಿಯನ್ನೇ ಹೊರಡಿಸಿದ್ದ. "ಹಿಟ್ಟು ಗಿಟ್ಟು ಕಟ್ಕೋಬೇಡವ್ವಾ" ಅಂತ ಎರಡು ಸಲ ಅಂದಿದ್ದ. ಬಸ್ಸಿಗೆ ಭಾರವಾದೀತು ಅಂತ ಹೇಳುತ್ತಿದ್ದಾನೆ ಅಂದುಕೊಂಡಿದ್ದಳು ಅವಳು. ಆ ಸೀಮೆಯಲ್ಲಿ ಬರೀ ಅನ್ನವಂತೆ, ಮುದ್ದೆಯ ಮುಖ ಕಾಣುವ ಹಾಗಿಲ್ಲವಂತೆ. ಬೆಳೆಯುವ ಮಕ್ಕಳು ಎರಡು ಹೊತ್ತು ಅನ್ನ ತಿಂದು ಅಷ್ಟು ದೂರ ಹೋಗಿ ಬರುವುದುಂಟೆ? ಸೂಲಿಬೆಲೆಯಲ್ಲಿ ಮನೆಮನೆಗೂ ಹೋಗಿ, "ನಿಮ್ಮ ಮಗೂದು ಒಂದು ಸೇರು ಹಿಟ್ಟು ನನ್ನ ಹತ್ರ ಕೊಡ್ರವ್ವಾ, ನಾನು ನೋಡ್ಕೋತೀನಿ" ಅಂತ ಹೇಳಿ ಬಂದಿದ್ದಳು. ಒಬ್ಬ ತಾಯಿಯೂ ಇಲ್ಲ ಅನ್ನಲಿಲ್ಲ. ಎಷ್ಟೋ ಜನ ಒಂದು ಸೇರು ಅಂದರೆ ಒಂದೂವರೆ ಕೊಟ್ಟಿದ್ದರು.

ಆ ಗಂಟುಗಳೆಲ್ಲ ಈಗ ಬಸ್ಸಿನ ಹಿಂಬದಿಯಲ್ಲಿ, ಕೊಪ್ಪರಿಗೆಯೊಳಗೆ, ಮೇಲೆ ಸೌಟು ತಟ್ಟೆ ಮುಚ್ಚಿಕೊಂಡು ಕೂತಿದ್ದವು.

ಮುನಿವೆಂಕಟಮ್ಮ ತಿರುಗಿ ಆ ಕಡೆ ನೋಡಿದಳು. ಮಗನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಈ ಪ್ರವಾಸಕ್ಕೆ ಅಂತ ಅವನೇ ಮೇಲಿನವರ ಮುಂದೆ ನಿಂತು, ಯಾವ ತಪ್ಪಾದರೂ ಹೊಣೆ ನನ್ನದು ಅಂತ ಒಪ್ಪಿಕೊಂಡು ಬಂದಿದ್ದ. ಗೇಟಿನಲ್ಲಿ ಅವನ ಹೆಸರು ಒಂದು ಸಲ ಬರೆದುಕೊಂಡರೆ ಆಯಿತು. ಊರ ಮಕ್ಕಳನ್ನು ಮುಂದಿಟ್ಟುಕೊಂಡು ರಾಗಿ ಸಾಗಿಸಿದ ಮೇಷ್ಟ್ರು ಅನ್ನುತ್ತಾರೆ. ಇನ್ನು ಯಾವ ಊರಿನ ಸ್ಕೂಲು ಅವನನ್ನು ಒಳಗೆ ಬಿಟ್ಟುಕೊಳ್ಳುತ್ತದೆ?

ಚೆಲ್ಲಿಬಿಡೋಣ ಅಂದುಕೊಂಡಳು. ಅಂದುಕೊಂಡದ್ದಕ್ಕೇ ಕೆನ್ನೆ ಬಡಿದುಕೊಂಡಳು. ರೇಷನ್ ಕಾಲದಲ್ಲಿ, ತಮ್ಮ ಪಾಲು ಕಡಿಮೆ ಮಾಡಿಕೊಂಡು ತಾಯಂದಿರು ಕೊಟ್ಟ ಹಿಟ್ಟು. ಅದನ್ನು ರಸ್ತೆಗೆ ಸುರಿದು ಊರಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಗೇಟಿನಲ್ಲಿ ಮಗನ ಕೈಲೇ ಏನೂ ಇಲ್ಲ ಅನ್ನಿಸಿದರೆ? ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಚಿಕ್ಕಂದಿನಿಂದ ಹಾಗೇ, ಬಾಯಿ ಏನಾದರೂ ಹೇಳಲಿ, ಕಿವಿ ಕೆಂಪಾಗಿಬಿಡುತ್ತದೆ.

ಬೇಯಿಸಿದ ಬುತ್ತಿ ಆದ್ರೆ ಬಿಡ್ತಾರೆ.

ಸರ್ಜಾಪುರ ದಾಟಿ ಒಂದು ಮಾವಿನ ತೋಪು ಕಂಡಿತು, ಪಕ್ಕದಲ್ಲೇ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ. "ನಿಲ್ಸಪ್ಪಾ ಖಾದರ್!" ಅಂತ ಕೂಗಿದಳು. "ನಿಲ್ಸು, ನಿಲ್ಸು!"

ಬಸ್ಸು ನಿಂತ ಕೂಡಲೇ ವೆಂಕಟರಾಯಪ್ಪ ಎದ್ದು ಬಂದ. "ಏನಾಯ್ತವ್ವಾ? ಹುಷಾರಿಲ್ವಾ?"

"ನಾನು ಹುಷಾರಾಗೇ ಇವ್ನಿ. ಇಳಿ, ಹೇಳ್ತೀನಿ."

ಕೊಪ್ಪರಿಗೆಯ ಮೇಲಿನ ತಟ್ಟೆಗಳನ್ನು ಸರಿಸಿ ತೋರಿಸಿದಳು. ಬಣ್ಣಬಣ್ಣದ ಬಟ್ಟೆ ಗಂಟುಗಳು. ವೆಂಕಟರಾಯಪ್ಪ ಒಂದನ್ನು ಒತ್ತಿ ನೋಡಿದ, ಇನ್ನೊಂದನ್ನು ಒತ್ತಿದ. ಮುಖ ಬಿಳುಚಿಕೊಂಡಿತು.

"ಅವ್ವಾ, ನಾನು ನಿನಗೆ ಕನ್ನಡದಲ್ಲೇ ಹೇಳಿದ್ನೋ ಇಲ್ವೋ? ಒಂದು ಹಿಡಿ ಹಿಟ್ಟು ಸಿಕ್ಕಿದ್ರೂ ನನ್ನ ಹೆಸರು ಬರ್ಕೋತಾರೆ. ಒಂದು ಹಿಡಿ! ನೀನು ಒಂದು ಊರಿನ ಹಿಟ್ಟನ್ನೇ ತಂದಿದ್ದೀಯಲ್ಲ!"

"ತಂದಾಯ್ತಲ್ಲ, ಬೈಯೋದು ಆಮೇಲೆ ಬೈ. ಹುಡುಗರ ಕೈಲಿ ನೀರು ತರಿಸು. ಗೇಟಿಗೆ ಹೋಗೋ ಹೊತ್ತಿಗೆ ಇದರಲ್ಲಿ ಒಂದು ಚಿಟಿಕೆ ಹಿಟ್ಟೂ ಹಿಟ್ಟಾಗಿ ಉಳೀಬಾರದು."

ವೆಂಕಟರಾಯಪ್ಪ ಏನೋ ಹೇಳಲು ಬಾಯಿ ತೆರೆದ. ಬಸ್ಸಿನ ಕಡೆ ಒಂದು ಸಲ ನೋಡಿದ. ಬಾಯಿ ಮುಚ್ಚಿಕೊಂಡು ಬಾವಿಯ ಕಡೆ ಹೋದ.

ಹುಡುಗರು ಆರಿಸಿ ತಂದ ಪುಳ್ಳೆಯೆಲ್ಲ ಮಂಜಿಗೆ ನೆನೆದಿತ್ತು. ಊದಿ ಊದಿ ಕಣ್ಣು ಉರಿಯಿತೇ ಹೊರತು ಬೆಂಕಿ ಹತ್ತಲಿಲ್ಲ. ಹೊತ್ತು ಏರುತ್ತಿತ್ತು. ಇಲ್ಲೇ ಸಿಕ್ಕಿಕೊಂಡರೆ ಹೊಗೆನಕಲ್ಲು ಸೇರುವಷ್ಟರಲ್ಲಿ ಕತ್ತಲಾಗಿ, ಮಕ್ಕಳಿಗೆ ನೀರು ಬೀಳುವ ಸದ್ದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮುನಿವೆಂಕಟಮ್ಮ ಬಸ್ಸಿನ ಹಿಂದೆ ನೋಡಿದಳು. ಪೆಟ್ರೋಲು ಸಿಗದ ಕಾಲ, ಅದು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಹಿಂದೆ ದೊಡ್ಡ ಒಲೆಯಂಥ ಡ್ರಮ್ಮು, ಮೇಲೆ ಇದ್ದಿಲಿನ ಮೂಟೆಗಳು.

"ಅಮ್ಮಾ, ಆ ಮೂಟೆ ಕಡೆ ನೋಡ್ಬೇಡಿ," ಅಂದ ಖಾದರ್. "ಅದು ಬಸ್ಸಿನ ಊಟ."

"ಅರ್ಧ ಮೂಟೆ ಕೊಡಪ್ಪಾ. ಬಸ್ಸು ಒಂದು ತುತ್ತು ಕಡಿಮೆ ತಿಂದ್ರೆ ಸಾಯಾಕಿಲ್ಲ."

"ಸಾಯಲ್ಲ. ಕೃಷ್ಣಗಿರಿ ಏರಿನಲ್ಲಿ ನಿಂತ್ಕೊಳ್ಳುತ್ತೆ. ಯಾರು ತಳ್ತಾರೆ?"

"ಇಷ್ಟೊಂದು ಮಕ್ಕಳು ಯಾತಕ್ಕವ್ರೆ? ಮುದ್ದೆ ತಿಂದು ತಳ್ತಾರೆ."

ಖಾದರ್ ತಲೆ ಚಚ್ಚಿಕೊಂಡು ಮೂಟೆ ಇಳಿಸಿದ. ಮುನಿವೆಂಕಟಮ್ಮ ಕಲ್ಲು ಹೂಡಿ, ಎಸರಿಟ್ಟು, ಬೆಂದಂತೆಲ್ಲ ತೊಳಸಿದಳು. ಮೊದಲ ಕೊಪ್ಪರಿಗೆಗೇ ಅವಳ ರಟ್ಟೆ ಸೋತಿತು. ಆಮೇಲೆ ಪಿಳ್ಳಪ್ಪ ಅನ್ನುವ ದಾಂಡಿಗ ಹುಡುಗ ಕೋಲು ಹಿಡಿದ. ಖಾದರ್ ಕೂಡ ಅಂಗಿ ತೋಳು ಮಡಚಿದ. ಹೆಣ್ಣುಮಕ್ಕಳು ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟಿದರು. ಕೆಲವು ಗುಂಡಗೆ, ಕೆಲವು ಬದನೆಕಾಯಿಯ ಹಾಗೆ ಉದ್ದಕ್ಕೆ. ಮುತ್ತುಗದ ಎಲೆಯ ಮೇಲೆ ಸಾಲಾಗಿ ಇಟ್ಟು, ಬಸ್ಸಿನಲ್ಲಿದ್ದ ಬಿದಿರಿನ ಮಂಕರಿಗಳಿಗೆ ತುಂಬಿಸಿದರು. ಬಿಸಿಬಿಸಿ ಹೊಗೆ ಏಳುತ್ತಿದ್ದ ಆ ಮಂಕರಿಗಳನ್ನು ನೋಡಿ ಪಿಳ್ಳಪ್ಪ, "ಅಜ್ಜೀ, ಹೊಗೆನಕಲ್ಲು ಇಲ್ಲೇ ಬಂತು, ವಾಪಸ್ ಹೋಗೋಣ್ವಾ?" ಅಂದ. ಎಲ್ಲರೂ ನಕ್ಕರು. ಮುನಿವೆಂಕಟಮ್ಮ ನಗಲಿಲ್ಲ. ಖಾಲಿ ಗಂಟುಬಟ್ಟೆಗಳನ್ನು ಒಂದೊಂದಾಗಿ ಕೊಡವಿ, ಬಾವಿ ಕಟ್ಟೆಯ ಮೇಲೆ ಒಗೆದು, ಹಿಂಡಿ ಒಳಗಿಟ್ಟಳು. ಅಷ್ಟಾದ ಮೇಲೇ ಉಸಿರು ಬಿಟ್ಟದ್ದು.

ಅತ್ತಿಬೆಲೆ ಗೇಟಿನಲ್ಲಿ ಬಿದಿರಿನ ಅಡ್ಡಗಂಬ ದಾರಿಗೆ ಅಡ್ಡವಾಗಿ ಇಳಿದಿತ್ತು. ಖಾಕಿ ಕೋಟಿನ ಸಾಹೇಬರೊಬ್ಬರು ಬಸ್ಸು ಹತ್ತಿ ಮಂಕರಿಗಳನ್ನು ನೋಡಿ ನಿಂತುಬಿಟ್ಟರು.

"ಏನಮ್ಮಾ ಇದು?"

"ಬುತ್ತಿ ಸ್ವಾಮಿ."

"ಬುತ್ತೀನಾ? ಯಾರದೋ ಮದುವೆ ಊಟದ ಹಾಗಿದೆ."

"ಬೆಳೆಯೋ ಮಕ್ಕಳು ಸ್ವಾಮಿ. ಇವತ್ತು ಬಿಸೀದು, ನಾಳೆ ಮಜ್ಜಿಗೇಲಿ ಹಿಚುಕಿ ಅಂಬಲಿ. ಬೇಯಿಸಿದ್ದಕ್ಕೆ ಅಡ್ಡಿ ಇಲ್ಲ ಅಂದ್ರಲ್ಲ."

ಸಾಹೇಬರು ಒಂದು ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಬೆರಳು ಸುಟ್ಟಿತು. "ಅಡ್ಡಿ ಇಲ್ಲ," ಅಂದರು ಬೇಸರದಿಂದ. ಆಳಿನ ಕಡೆ ತಿರುಗಿ, "ಚೀಲ, ಪೆಟ್ಟಿಗೆ ಎಲ್ಲಾ ಇಳಿಸು. ಎಲ್ಲಾ ಬಿಚ್ಚಬೇಕು."

ಬಿಚ್ಚಿಕೊಳ್ಳಲಿ ಅಂದುಕೊಂಡಳು ಮುನಿವೆಂಕಟಮ್ಮ. ಹಾಗೆ ಅಂದುಕೊಂಡು ಮಗನ ಮುಖ ನೋಡಿದಳು.

ಅವನ ಎರಡು ಕಿವಿಯೂ ಕೆಂಪಗೆ ಕಾದಿದ್ದವು.

ಆಳು ಹುಡುಗರ ಚೀಲಗಳನ್ನು ಒಂದೊಂದಾಗಿ ಬಿಚ್ಚುತ್ತ ಬರುತ್ತಿದ್ದ. ಸಾಲಿನ ಕೊನೆಯಲ್ಲಿ ಮೇಷ್ಟರ ತಗಡಿನ ಪೆಟ್ಟಿಗೆ. ಮಗ ಅದರ ಕಡೆ ನೋಡಬಾರದು ಅಂತ ಆಕಾಶ ನೋಡುತ್ತಿದ್ದ. ಅವಳು ಹತ್ತಿರ ಸರಿದು ಪಿಸುಗುಟ್ಟಿದಳು, "ಏನಿಟ್ಟಿದ್ದೀಯಾ ಅದರಲ್ಲಿ?"

"ಒಂದಿಷ್ಟು ಹಿಟ್ಟು," ಅಂದ, ತುಟಿ ಅಲುಗಿಸದೆ. "ನಿನಗೆ ಅಂತ. ಅನ್ನ ತಿಂದ್ರೆ ನಿನಗೆ ಹೊಟ್ಟೆ ನೋವು ಬರುತ್ತಲ್ಲ."

"ತೋಪಿನಲ್ಲಿ ಹೇಳೋಕೆ ಏನು ರೋಗ ನಿನಗೆ?"

"ನಿನ್ನ ಅಷ್ಟು ಬೈದ ಮೇಲೆ ಹೆಂಗೆ ಹೇಳ್ಲಿ?"

ಬೈಯಲು ಹೊತ್ತಿರಲಿಲ್ಲ. ಇನ್ನು ಎರಡೇ ಚೀಲ ಇದ್ದವು. ಮುನಿವೆಂಕಟಮ್ಮ ಸುತ್ತ ಕಣ್ಣಾಡಿಸಿದಳು. ಗೇಟಿನ ಗುಡಿಸಲ ಮುಂದೆ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಅದರ ಮೇಲೆ ಗಡಿಗೆಯಲ್ಲಿ ಕಾವಲಿನವರ ಸಾರು ಕುದಿಯುತ್ತಿತ್ತು, ಹುರುಳಿಕಾಳಿನ ಘಮ. ಪಕ್ಕದ ತಪ್ಪಲೆಯಲ್ಲಿ ರೇಷನ್ ಅಕ್ಕಿಯ ಅನ್ನ, ನುಚ್ಚು ಹುಳು ಎಲ್ಲ ಸೇರಿ ಹಳದಿ ತಿರುಗಿತ್ತು.

ಅವಳೇ ಹೋಗಿ ಪೆಟ್ಟಿಗೆ ತೆರೆದಳು. ಮಗನ ಪಂಚೆಯ ಅಡಿಯಿಂದ ಗಂಟು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಸಾಹೇಬರ ಮುಂದೆ ನಿಂತಳು.

"ಸ್ವಾಮೀ, ಇದು ನನ್ನ ಹೊಟ್ಟೆಗೆ ಅಂತ ತಂದ ಹಿಟ್ಟು. ತೋಪಿನಲ್ಲಿ ಬೇಯಿಸೋವಾಗ ಇದೊಂದು ಉಳೀತು."

ಸಾಹೇಬರ ಹುಬ್ಬು ಮೇಲೇರಿತು. "ಮೇಷ್ಟರ ಪೆಟ್ಟಿಗೆಯಲ್ಲಿ ಯಾಕಿತ್ತು?"

"ನಾನು ಅವರ ಹೆತ್ತವಳು. ನನಗೆ ಬೇರೆ ಪೆಟ್ಟಿಗೆ ಎಲ್ಲಿಂದ ಬರಬೇಕು?"

"ಏನೇ ಆಗ್ಲಿ, ಸರಹದ್ದು ದಾಟಿಸೋಕೆ ತಂದಿದ್ದು ತಾನೇ? ಹೆಸರು ಬರ್ಕೋಬೇಕಾಗುತ್ತೆ."

"ದಾಟಿಲ್ಲವಲ್ಲ ಸ್ವಾಮಿ. ಅಗೋ ಅಡ್ಡಗಂಬ ಅಲ್ಲೈತೆ, ಹಿಟ್ಟು ಇಲ್ಲೈತೆ. ದಾಟಿಸೋದೂ ಇಲ್ಲ. ನಿಮ್ಮ ಒಲೆ ಮೇಲೆ ಎಸರಿಡ್ತೀನಿ. ಆ ಹುರುಳಿ ಸಾರಿಗೆ ಈ ಅನ್ನ ಹೊಂದುತ್ತಾ, ನೀವೇ ಹೇಳಿ. ನಿಮ್ಮ ಕಾವಲಿನವರು ಬಿಸಿ ಮುದ್ದೆ ಉಣ್ಲಿ. ಮೈಸೂರು ಸೀಮೆ ರಾಗಿ ಮೈಸೂರು ಸೀಮೇಲೇ ಕರಗ್ಲಿ."

ಆಳು ಚೀಲ ಬಿಚ್ಚುವುದನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದ. ಕಾವಲಿನ ಇನ್ನಿಬ್ಬರು ಗುಡಿಸಲಿನಿಂದ ತಲೆ ಹೊರಗೆ ಹಾಕಿದರು. ಸಾಹೇಬರು ಗಂಟು ನೋಡಿದರು, ಗಡಿಗೆ ನೋಡಿದರು, ಹಳದಿ ಅನ್ನ ನೋಡಿದರು. ಬಸ್ಸಿನ ಹುಡುಗರು ಉಸಿರು ಬಿಡದೆ ಕಿಟಕಿಗಳಲ್ಲಿ ನಿಂತಿದ್ದರು. ಮುನಿವೆಂಕಟಮ್ಮ ಎತ್ತಿ ಹಿಡಿದ ಗಂಟನ್ನು ಕೆಳಗಿಳಿಸಲಿಲ್ಲ.

"ನೀವು ಯಾವ ಕಡೆಯವರಮ್ಮಾ?" ಅಂದರು ಕೊನೆಗೆ.

"ಸೂಲಿಬೆಲೆ ಸ್ವಾಮಿ."

"ಗಂಟಿಲ್ಲದ ಹಾಗೆ ತೊಳಸ್ತೀರಾ? ನಮ್ಮ ಇವನು ಮಾಡಿದ್ರೆ ಹಲ್ಲಿಗೆ ಹಿಟ್ಟು ಸಿಗುತ್ತೆ."

ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತಿದ್ದಳು.

ಕಾವಲಿನವರು ಸಾರಿಗೆ ಮುದ್ದೆ ಮುರಿದುಕೊಂಡ ಮೇಲೆ ಬಿದಿರಿನ ಗಂಬ ಮೇಲೆದ್ದಿತು. ಬಸ್ಸು ಹೊಸೂರು ದಾಟಿತು. ಆಮೇಲೆ ಪಿಳ್ಳಪ್ಪ, "ಸಾರ್, ಇದೇನಾ ಪರದೇಶ? ನಮ್ಮೂರ ಥರಾನೇ ಐತೆ, ಅದೇ ಹುಣಿಸೆಮರ" ಅಂದ. ಗದ್ದಲ ಮತ್ತೆ ಶುರುವಾಯಿತು.

ಕೃಷ್ಣಗಿರಿಯ ಏರಿನಲ್ಲಿ ಖಾದರ್ ಹೇಳಿದ ಹಾಗೇ ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳಿದರು. ಪೆನ್ನಾಗರದ ಆಚೆಗಿನ ಘಟ್ಟದಲ್ಲಿ ಬರೀ ಇಳಿಜಾರು, ಅಲ್ಲಿ ಇದ್ದಿಲಿನ ಹಂಗೇ ಇರಲಿಲ್ಲ. ಆದರೆ ಮುನಿವೆಂಕಟಮ್ಮ ಕಣ್ಣು ಮುಚ್ಚಿಕೊಂಡು ಸೀಟಿನ ಸರಳು ಹಿಡಿದೇ ಇಳಿದಳು.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇದೆ ಅನ್ನುವಾಗ ತಲುಪಿದರು. ಕಾವೇರಿ ಕಲ್ಲುಗಳ ನಡುವೆ ಹತ್ತಾರು ಕಡೆ ಸೀಳಿ ಬೀಳುತ್ತಿದ್ದಳು. ತುಂತುರು ಹೊಗೆಯ ಹಾಗೆ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಮಕ್ಕಳು ಹೋ ಎಂದು ಕೂಗಿದರೆ ಅವರ ಕೂಗು ಅವರಿಗೇ ಕೇಳಿಸದು. ಮುನಿವೆಂಕಟಮ್ಮನಿಗೆ ನೀರು ನೋಡುವ ಪುರಸೊತ್ತು ಎಲ್ಲಿ? "ಲೇ, ಆ ಪಾಚಿ ಕಲ್ಲು ಬಿಟ್ಟು ಈಚೆ ಬಾ! ಪಾಪಮ್ಮಾ, ಅವಳ ಕೈ ಹಿಡ್ಕೋ!" ಅಂತ ಒಂದೊಂದು ತಲೆಯ ಹಿಂದೆಯೂ ಕಣ್ಣು ಓಡಿಸುತ್ತಿದ್ದಳು. ಊರಿಗೆ ಮರಳಿ ಪ್ರತಿಯೊಬ್ಬರನ್ನೂ ಅವರವರ ತಾಯಿಯ ಕೈಗೆ ಒಪ್ಪಿಸುವ ತನಕ ಅವಳಿಗೆ ಈ ನೀರು ನೀರಲ್ಲ, ಬಾಯಿ ತೆರೆದುಕೊಂಡ ಒಂದು ಪ್ರಾಣಿ.

ನೆನೆದ ಮಕ್ಕಳಿಗೆ ಎಂಥ ಹಸಿವು! ಬಂಡೆಯ ಮೇಲೆ ಕೂತು ತಿನ್ನತೊಡಗಿದವರು ನಿಲ್ಲಿಸಲೇ ಇಲ್ಲ. ಇವತ್ತಿಗೂ ನಾಳೆಗೂ ನಾಡಿದ್ದಿಗೂ ಅಂತ ಲೆಕ್ಕ ಹಾಕಿದ್ದ ಮುದ್ದೆಗಳು ಆ ಒಂದೇ ಊಟಕ್ಕೆ ಮಂಕರಿಯ ತಳ ಕಂಡವು. ಖಾದರ್ ಕೊನೆಯದನ್ನು ಎತ್ತಿಕೊಂಡು, "ನನ್ನ ಇದ್ದಿಲಿನ ಬಾಡಿಗೆ" ಅಂದ.

ಮಾರನೆಯ ದಿನ ಪೆನ್ನಾಗರದ ಒಂದು ಊಟದ ಮನೆಯಲ್ಲಿ ಎಲ್ಲರಿಗೂ ಅನ್ನ ಬಡಿಸಿದರು. ವೆಂಕಟರಾಯಪ್ಪ ತಾಯಿಯ ಎಲೆ ನೋಡಿ ಕೈ ತೊಳೆಯದೆ ನಿಂತಿದ್ದ. "ಅವ್ವಾ, ಬಾಳೆಹಣ್ಣು ತರಿಸ್ಲಾ? ಹೊಟ್ಟೆ ನೋವು ಬಂದೀತು."

"ನಿನ್ನ ಪೆಟ್ಟಿಗೆ ತೆಗೆದಾಗ ಬಂದ ನೋವಿಗಿಂತ ಇದೇನು ದೊಡ್ಡದಾ? ಕೂತ್ಕೊಂಡು ಉಣ್ಣು," ಅಂದಳು.

ಮೊದಲ ತುತ್ತು ಹೆದರುತ್ತಲೇ ನುಂಗಿದಳು. ಎರಡನೆಯದಕ್ಕೆ ಅಷ್ಟು ಹೆದರಲಿಲ್ಲ. ಊಟವಾಗಿ, ಬಸ್ಸು ಹತ್ತಿ, ಕೃಷ್ಣಗಿರಿ ದಾಟುವ ತನಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದಳು. ಏನೂ ಆಗಲಿಲ್ಲ. ಮಗ ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಅವಳ ಮುಖ ನೋಡುತ್ತಿದ್ದ. ಅನ್ನ ತಿಂದೂ ಹೊಟ್ಟೆ ನೋಯಲಿಲ್ಲ ಅಂತ ಅವಳು ಅವನಿಗೆ ಹೇಳಲಿಲ್ಲ. ದೂರದಲ್ಲಿ ಅತ್ತಿಬೆಲೆಯ ಗೇಟು ಕಂಡಾಗ ಮಾತ್ರ ಎದ್ದು, ಎಲ್ಲಾದರೂ ಒಂದು ಚಿಟಿಕೆ ಹಿಟ್ಟು ಉಳಿದಿದೆಯೇನೋ ಅಂತ ಖಾಲಿ ಕೊಪ್ಪರಿಗೆಯೊಳಗೆ ಇನ್ನೊಂದು ಸಲ ಕೈಯಾಡಿಸಿ ಬಂದು ಕೂತಳು.